ಪಾರ್ಕಿನ್ಸನ್ ಇದ್ದವರು ಘಟ್ಟ ಹತ್ತಬಾರದೇ?

ಪ್ರಶ್ನೆ: ನಮ್ಮಪ್ಪನಿಗೆ 68 ವರ್ಷ. ಏಲಕ್ಕಿ ತೋಟದಲ್ಲೇ ಬದುಕು ಸವೆಸಿದವರು. ಕೆಲವು ವರ್ಷಗಳಿಂದ ಪಾರ್ಕಿನ್ಸನ್ ಕಾಯಿಲೆ. ಈಗ ನಡುಕಕ್ಕಿಂತ ನಡಿಗೆಯದೇ ಕಷ್ಟ. ಬಾಗಿಲ ಬಳಿ ಕಾಲು ಕಿತ್ತಿಡಲಾಗದೆ ನಿಂತುಬಿಡುತ್ತಾರೆ. ರಜೆಗೆ ಮೊಮ್ಮಕ್ಕಳು ಬರುತ್ತಿದ್ದಾರೆ. ಬೋಡಿಮೆಟ್ಟು ಹತ್ತಿ ಮುನ್ನಾರ್‌ಗೆ, ಮರುದಿನ ಸುರುಳಿ ಜಲಪಾತಕ್ಕೆ ಹೋಗುವ ಆಸೆ. ಅಪ್ಪನನ್ನು ಕರೆದೊಯ್ಯಬಹುದೇ?
– ಓದುಗರು, ಬೋಡಿನಾಯಕನೂರು

ಉತ್ತರ: ಧಾರಾಳವಾಗಿ. ಇದು ಮೆಲ್ಲಗೆ ಹೆಚ್ಚುತ್ತಲೇ ಹೋಗುವ ಕಾಯಿಲೆ. ‘ಸ್ವಲ್ಪ ಸುಧಾರಿಸಲಿ, ಮುಂದಿನ ವರ್ಷ ನೋಡೋಣ’ ಎನ್ನುವುದರಲ್ಲಿ ಅರ್ಥವಿಲ್ಲ.

ನನಗೆ ಹೆಚ್ಚು ಭಯವಿರುವುದು ಘಟ್ಟದ ತಿರುವುಗಳ ಬಗ್ಗೆಯಲ್ಲ, ಅಲ್ಲಿ ನುಂಗುವ ವಾಂತಿ ಮಾತ್ರೆಯ ಬಗ್ಗೆ. ಹೊಟ್ಟೆ ತೊಳೆಸಿದಾಗ ಅಂಗಡಿಯಲ್ಲಿ ಕೇಳಿ ತರುವ ಸಿನ್ನರಿಜಿನ್, ಮೆಟೊಕ್ಲೋಪ್ರಮೈಡ್, ಪ್ರೊಕ್ಲೋರ್‌ಪೆರಜಿನ್ ಮೂರೂ ಮಿದುಳಿನಲ್ಲಿ ಡೋಪಮಿನ್ ಕೆಲಸಕ್ಕೆ ಅಡ್ಡ ಬರುತ್ತವೆ. ಪಾರ್ಕಿನ್ಸನ್‌ನಲ್ಲಿ ಕೊರತೆಯಾಗಿರುವುದೇ ಡೋಪಮಿನ್. ಚೆನ್ನಾಗಿ ನಡೆಯುತ್ತಿದ್ದವರೂ ಇವನ್ನು ನುಂಗಿ ಬಿಗಿದುಕೊಳ್ಳಬಹುದು. ಈ ಮೂರು ಹೆಸರನ್ನು ‘ಕೊಡಬಾರದು’ ಎಂದು ಚೀಟಿಯಲ್ಲಿ ಬರೆದು ಅಪ್ಪನ ಜೇಬಿನಲ್ಲಿಡಿ. ಬದಲಿಗೆ ಸಾಮಾನ್ಯವಾಗಿ ಡೋಂಪೆರಿಡೋನ್ ಕೊಡುತ್ತೇವೆ. ಹೃದಯದ ತೊಂದರೆ ಇರುವವರಿಗೆ ಅದೂ ಒಗ್ಗದಿರಬಹುದು, ವೈದ್ಯರನ್ನು ಮೊದಲೇ ಕೇಳಿ. ಅಪ್ಪನನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ನಡುವೆ ನಿಲ್ಲಿಸುತ್ತಾ ಹೋಗಿ.

ಪಾರ್ಕಿನ್ಸನ್‌ಗೆ ಕೊಡುವ ಲೆವೊಡೋಪಾ ಮಾತ್ರೆಯ ಹೊತ್ತು ಪ್ರವಾಸದಲ್ಲೂ ತಪ್ಪಬಾರದು. ಊಟಕ್ಕೆ ಅರ್ಧ ಗಂಟೆ ಮೊದಲು ನುಂಗುವುದು ಒಳ್ಳೆಯದು. ಮಟನ್, ಮೊಟ್ಟೆ, ಹಾಲಿನ ಜತೆಗೇ ಹೋದರೆ ಪ್ರೋಟೀನು ಅದನ್ನು ರಕ್ತಕ್ಕೆ ಸೇರಗೊಡದೆ ತಡೆಯುತ್ತದೆ. ದಾರಿಯ ಪರೋಟ ತಿನ್ನಬೇಡಿ ಎನ್ನುತ್ತಿಲ್ಲ, ಮಾತ್ರೆ ಮೊದಲು ಹೋಗಲಿ. ಅದರ ಪರಿಣಾಮ ಜೋರಾಗಿರುವ ಹೊತ್ತಿಗೆ ನಡೆದಾಟ ಇಟ್ಟುಕೊಳ್ಳಿ. ಮಾತ್ರೆಗಳನ್ನು ಬಿಸಿಲಿಗೆ ನಿಂತ ಕಾರಿನಲ್ಲಿ ಬಿಡಬೇಡಿ. ಎರಡು ಮೂರು ದಿನಕ್ಕೆ ಹೆಚ್ಚಾಗಿಯೇ ಇರಲಿ. ಹಠಾತ್ತಾಗಿ ನಿಲ್ಲಿಸುವುದು ಅಪಾಯ.

ಕಾಲು ಅಂಟಿದಾಗ ಎಳೆಯಬೇಡಿ, ಅವಸರಪಡಿಸಬೇಡಿ. ಮುಂದೊಂದು ಕೋಲು ಅಡ್ಡವಿಟ್ಟು ‘ಇದನ್ನು ದಾಟಪ್ಪಾ’ ಎನ್ನಿ, ಇಲ್ಲವೇ ‘ಒಂದು, ಎರಡು’ ಎಂದು ತಾಳ ಹಾಕಿ. ಬಹುಪಾಲು ಮಂದಿಗೆ ಹೆಜ್ಜೆ ಹೊರಡುತ್ತದೆ. ಮೊಮ್ಮಕ್ಕಳಿಗೆ ಕಲಿಸಿಕೊಟ್ಟರೆ ಅವರೇ ಖುಷಿಯಿಂದ ಮಾಡುತ್ತಾರೆ.

ಸುರುಳಿಯಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಒದ್ದೆ ಬಂಡೆ, ಮೇಲಿಂದ ಬೀಳುವ ನೀರು, ಎದ್ದು ನಿಂತಾಗ ಇಳಿಯುವ ರಕ್ತದೊತ್ತಡ ಮೂರೂ ಸೇರಿದರೆ ಬೀಳುವುದು ಸುಲಭ. ಅಪ್ಪ ಕುರ್ಚಿಯಲ್ಲಿ ಕೂತು ನೋಡಲಿ. ಸ್ನಾನದ ಆಸೆಯಿದ್ದರೆ ಅಲ್ಲೇ ಕೂತು ಚೊಂಬಿನಿಂದ ನೀರು ಹೊಯ್ಯಿಸಿಕೊಳ್ಳಲಿ. ಆದರೂ ಬಿದ್ದು ತಲೆಗೆ ಪೆಟ್ಟಾದರೆ, ನೋವಿಲ್ಲವೆಂದರೂ ಮನೆಗೆ ಹೋಗಬೇಡಿ. ತೇನಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಕಾನವಿಲಕ್ಕಿನಲ್ಲಿದೆ. ನೇರ ಅಲ್ಲಿಗೆ ಕರೆದೊಯ್ಯಿರಿ.