ಅರ್ಜುನನ ನಡುಕ ಮತ್ತು ನರ್ಸಿಂಗ್ ವಿದ್ಯಾರ್ಥಿಗಳ ಆತಂಕ

ಕುವೈತ್‌ನಲ್ಲಿ ಹನ್ನೆರಡನೇ ತರಗತಿ ಮುಗಿಸಿ ಬಿ.ಎಸ್ಸಿ. ನರ್ಸಿಂಗ್ ಓದಲು ಮಂಗಳೂರು, ಬೆಂಗಳೂರಿಗೆ ಹೋಗುವ ಮಕ್ಕಳು ನಮ್ಮಲ್ಲಿದ್ದಾರೆ. ನಾಲ್ಕು ವರ್ಷದ ಈ ಓದಿನಲ್ಲಿ ಪಾಠದ ಜೊತೆಗೆ ವಾರ್ಡ್ ಡ್ಯೂಟಿಯೂ ಉಂಟು. ಮೊದಲ ಇಂಜೆಕ್ಷನ್, ಕಣ್ಣೆದುರಿನ ಮೊದಲ ಸಾವು, ಔಷಧದ ಪ್ರಮಾಣ ತಪ್ಪೀತೆಂಬ ಭಯ – ಇವುಗಳಿಂದ ಆತಂಕವಾಗುವುದು ಸಹಜ.

ಭಗವದ್ಗೀತೆಯ ಮೊದಲ ಅಧ್ಯಾಯದಲ್ಲಿ ಅರ್ಜುನನ ಬಾಯಿ ಒಣಗುತ್ತದೆ, ಮೈ ನಡುಗುತ್ತದೆ, ಗಾಂಡೀವ ಕೈಜಾರುತ್ತದೆ. ಬಾಯಿ ಒಣಗುವುದು, ನಡುಕ ಇವನ್ನು ಇಂದಿನ ವೈದ್ಯರೂ ಆತಂಕದ ಲಕ್ಷಣವೆನ್ನುತ್ತಾರೆ. ಅಂಥ ವೀರನೂ ಅದನ್ನು ಬಚ್ಚಿಡದೆ ಶ್ರೀಕೃಷ್ಣನಲ್ಲಿ ಹೇಳಿಕೊಂಡ. ಇದೇ ಮೊದಲ ಪಾಠ: ಹೇಳಿಕೊಳ್ಳಬೇಕು.

ಆರನೇ ಅಧ್ಯಾಯದಲ್ಲಿ ಇನ್ನೂ ಮೂರು ಪಾಠಗಳಿವೆ.

1. ಮಿತ: ಊಟ, ನಿದ್ರೆ ಅತಿಯಾಗಬಾರದು, ಕಡಿಮೆಯೂ ಆಗಬಾರದು. ರಾತ್ರಿ ಪಾಳಿ ಮುಗಿಸಿದವರು ಪುಸ್ತಕ ಹಿಡಿಯುವ ಮೊದಲು ಮಲಗಲಿ.

2. ಅಭ್ಯಾಸ: ಹೆದರಿ ದೂರ ಸರಿದಷ್ಟೂ ಭಯ ಬೆಳೆಯುತ್ತದೆ. ಲ್ಯಾಬಿನ ಗೊಂಬೆಯ ಮೇಲೆ ಮತ್ತೆ ಮತ್ತೆ ಮಾಡಿದರೆ ಕೈ ಪಳಗುತ್ತದೆ. ನಿಧಾನವಾಗಿ ಉಸಿರು ಬಿಡುವುದೂ ಅಭ್ಯಾಸವಾಗಲಿ.

3. ವೈರಾಗ್ಯ: ಸೇವೆ ಪೂರ್ಣ ಮನಸ್ಸಿನಿಂದ ಮಾಡೋಣ, ಆದರೆ ಎಲ್ಲ ರೋಗಿಗಳೂ ಗುಣವಾಗುವುದು ನಮ್ಮ ಕೈಯಲ್ಲಿಲ್ಲ.

ತಂದೆತಾಯಿಗಳಾದ ನಾವು ಫೋನಿನಲ್ಲಿ ಮಾರ್ಕ್ಸ್ ಕೇಳುವ ಮೊದಲು "ನಿದ್ದೆ ಬಂತಾ ಮಗಾ?" ಎಂದು ಕೇಳೋಣ. ವಾರಗಟ್ಟಲೆ ನಿದ್ದೆಯಿಲ್ಲದಿದ್ದರೆ ಜಪ, ಧ್ಯಾನದ ಜೊತೆಗೆ ವೈದ್ಯರನ್ನೂ ಕಾಣಬೇಕು. ಬದುಕೇ ಬೇಡವೆನಿಸಿದರೆ ಒಂದು ದಿನವೂ ಕಾಯಬಾರದು. ಭಾರತದಲ್ಲಿರುವ ಮಕ್ಕಳು 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲೂ ರಾತ್ರಿ ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು. ಈ ಸಂಖ್ಯೆಯನ್ನು ಇಂದೇ ಮಕ್ಕಳಿಗೆ ಕಳಿಸೋಣ.