ಉಡುಗೊರೆಯ ಹೊದಿಕೆ

ದೀಪಾವಳಿಯ ಉಡುಗೊರೆಗಳನ್ನು ಸಿದ್ಧಗೊಳಿಸುವ ಸಂಭ್ರಮದಲ್ಲಿ ಮಿರಮಿರನೆ ಮಿಂಚುವ ಬಣ್ಣದ ಕಾಗದವನ್ನು ಸುರುಳಿಗಟ್ಟಲೆ ಕೊಂಡು ತರುವ ವಾಚಕ ಮಹಾಶಯರು, ಅದು ನೋಟಕ್ಕೆ ಕಾಗದವಾದರೂ ಬಹುಮಟ್ಟಿಗೆ ಪ್ಲಾಸ್ಟಿಕ್ಕಿನ ತೆಳುಪದರವನ್ನೋ ಲೋಹದ ಲೇಪವನ್ನೋ ಧರಿಸಿರುವುದರಿಂದ ರದ್ದಿಯವನೂ ಮುಟ್ಟದ ಕಸವಾಗಿ ಪರಿಣಮಿಸುವುದೆಂಬುದನ್ನು ಮರೆಯಬಾರದು. ಕೊಳ್ಳುವ ಮುನ್ನ ಒಂದು ಚೂರನ್ನು ಮುಷ್ಟಿಯಲ್ಲಿ ಮುದುಡಿ ಬಿಡಿರಿ. ಮುದುಡಿದಂತೆಯೇ ಉಳಿದರೆ ಪ್ರಾಯಶಃ ಕಾಗದ, ತಾನಾಗಿ ಅರಳಿಕೊಂಡರೆ ಪ್ಲಾಸ್ಟಿಕ್ಕು. ಅಂಟುಪಟ್ಟಿಗೆ ಬದಲಾಗಿ ನೂಲಿನ ದಾರ ಕಟ್ಟಿದಲ್ಲಿ, ಬಿಚ್ಚುವವರು ಕಾಗದವನ್ನು ಹರಿಯದೆ ಮಡಿಸಿ ಮುಂದಿನ ಹಬ್ಬಕ್ಕೆ ಇಟ್ಟುಕೊಳ್ಳಬಹುದು.

ಹೊದಿಕೆಯೇ ಮುಂದೆ ಬಳಕೆಗೆ ಬರುವುದಕ್ಕೆ ನಿದರ್ಶನವಾಗಿ ಗೌರಿಹಬ್ಬದ ಬಾಗಿನವನ್ನೇ ನೋಡಿರಿ: ಧಾನ್ಯ, ಬೆಲ್ಲ, ಬಳೆ, ರವಿಕೆಕಣಗಳನ್ನು ತುಂಬಿದ ಬಿದಿರಿನ ಮೊರಕ್ಕೆ ಇನ್ನೊಂದು ಮೊರವೇ ಮುಚ್ಚಳ, ಹಬ್ಬ ಕಳೆದ ಮೇಲೆ ಎರಡೂ ಅಕ್ಕಿ ಕೇರಲು ಒದಗುತ್ತಿದ್ದವು. (ಈಗ ಮೊರವನ್ನೂ ಪ್ಲಾಸ್ಟಿಕ್ಕಿನಲ್ಲಿ ಮಾಡುವ ಜಾಣರಿದ್ದಾರೆ, ಅವರ ಮಾತು ಬಿಡಿರಿ.) ಅಂತೆಯೇ ಸೋದರಿಗೆ ಕೊಡುವ ಪುಸ್ತಕವನ್ನೋ ಪಾತ್ರೆಯನ್ನೋ ಗುಳೇದಗುಡ್ಡದ ಖಣವೊಂದರಲ್ಲಿ ಸುತ್ತಿ ಗಂಟು ಹಾಕಿದರೆ ಹೊದಿಕೆಯೂ ಅವಳಿಗೆ ರವಿಕೆಯಾಗಿ ಸಲ್ಲುವುದು. ಇನ್ನು ಮಿಠಾಯಿಯ ಡಬ್ಬಿಗೆ ಅಂಗಡಿಯವನು ಜರಿಕಾಗದವನ್ನೂ ಅದರ ಮೇಲೊಂದು ಚೀಲವನ್ನೂ ತೊಡಿಸಹೊರಟಾಗ, ಬೇಡವೆಂದು ಅಲ್ಲಿಯೇ ಹೇಳಲು ಸಂಕೋಚಪಡಬೇಡಿರಿ. ಅವನಿಗೂ ಅದರಿಂದ ಖರ್ಚು ಉಳಿಯುತ್ತದೆ.