ಕೊನೆಯವನಿಗಾಗಿ ಕಾಯುವ ಸಂಗ

ಒಳ್ಳೆಯ ನಿರ್ಧಾರ ಕೈಗೊಳ್ಳುವುದರಲ್ಲಿ ಮನುಷ್ಯನು ಎಂದೂ ಹಿಂದೆ ಬಿದ್ದವನಲ್ಲ. ನಾಳೆಯಿಂದ ಬೇಗ ಏಳುತ್ತೇನೆ, ದಿನಾಲೂ ಓಡುತ್ತೇನೆ, ಈ ದೇಹದ ಜಡತ್ವವನ್ನು ಹೋಗಲಾಡಿಸುತ್ತೇನೆ ಎಂದು ಅವನು ರಾತ್ರಿ ಮಲಗುವಾಗ ನಿಶ್ಚಯಿಸುತ್ತಾನೆ. ಬೆಳಿಗ್ಗೆ ಅಲಾರಾಂ ಹೊಡೆದಾಗ ಅದೇ ಮನುಷ್ಯನು ಹೊದಿಕೆಯನ್ನು ಇನ್ನಷ್ಟು ಮೇಲಕ್ಕೆಳೆದುಕೊಳ್ಳುತ್ತಾನೆ. ಹಾಗಾದರೆ ರಾತ್ರಿಯ ನಿರ್ಧಾರ ಸುಳ್ಳಾಗಿತ್ತೇ? ಖಂಡಿತ ಇಲ್ಲ. ಅದಕ್ಕೆ ಅವನ ಹೊರತು ಬೇರಾರೂ ಸಾಕ್ಷಿಯಿರಲಿಲ್ಲ, ಅಷ್ಟೆ. ತನಗೆ ತಾನೇ ಕೊಟ್ಟ ಮಾತನ್ನು ಮುರಿಯುವುದು ಬಹಳ ಸುಲಭ. ಆದರೆ ಬೆಟ್ಟದ ಬುಡದಲ್ಲಿ ನಾಲ್ಕು ಮಂದಿ ತನಗಾಗಿ ಕಾಯುತ್ತಿದ್ದಾರೆಂದು ತಿಳಿದವನು ಹೆಚ್ಚು ಹೊತ್ತು ಹಾಸಿಗೆಯಲ್ಲಿರಲಾರ.

ಬೆಟ್ಟ, ಕಾಡು, ತೋಟಗಳ ನಡುವಿನ ಕಾಲುದಾರಿಗಳಲ್ಲಿ ಓಡುವುದಕ್ಕೆ ಟ್ರೇಲ್ ರನ್ನಿಂಗ್ ಎಂದು ಹೆಸರು. ಡಾಮರು ರಸ್ತೆಯ ಓಟಕ್ಕಿಂತ ಇದು ಭಿನ್ನ. ಇಲ್ಲಿ ಬೇರುಗಳಿವೆ, ಸಡಿಲ ಕಲ್ಲುಗಳಿವೆ, ಕವಲು ದಾರಿಗಳಿವೆ. ಆದ್ದರಿಂದಲೇ ಇದನ್ನು ಹೆಚ್ಚಾಗಿ ಗುಂಪಾಗಿ ಮಾಡುತ್ತಾರೆ. ನೀವು ಅಂತಹ ಒಂದು ಗುಂಪಿಗೆ ಹೊಸದಾಗಿ ಸೇರುವವರಾಗಿದ್ದರೆ ನಿಮ್ಮ ಮನಸ್ಸಿನಲ್ಲಿ ಒಂದು ಅಳುಕು ಇದ್ದೇ ಇರುತ್ತದೆ: ಎಲ್ಲರೂ ಮುಂದೆ ಹೋಗಿ ನಾನೊಬ್ಬನೇ ಹಿಂದುಳಿದರೆ? ಈ ಅಳುಕು ಕ್ಷುಲ್ಲಕವಾದುದಲ್ಲ. ಎಷ್ಟೋ ಮಂದಿ ಮೊದಲ ದಿನದ ಅವಮಾನದಿಂದಲೇ ಒಳ್ಳೆಯ ಅಭ್ಯಾಸವೊಂದನ್ನು ಶಾಶ್ವತವಾಗಿ ಕೈಬಿಡುತ್ತಾರೆ.

ಸಂಗದ ಎರಡು ಮುಖಗಳು

1898ರಲ್ಲಿ ನಾರ್ಮನ್ ಟ್ರಿಪ್ಲೆಟ್ ಎಂಬ ಅಮೇರಿಕನ್ ಮನಶ್ಶಾಸ್ತ್ರಜ್ಞನು ಒಂದು ಪ್ರಯೋಗವನ್ನು ಪ್ರಕಟಿಸಿದನು. ಸೈಕಲ್ ಸವಾರರು ಒಂಟಿಯಾಗಿ ಓಡಿಸುವಾಗಿಗಿಂತ ಇತರರ ಜೊತೆಯಲ್ಲಿ ವೇಗವಾಗಿ ಓಡಿಸುವುದನ್ನು ಅವನು ಗಮನಿಸಿದ್ದನು. ಅದನ್ನು ಪರೀಕ್ಷಿಸಲು 40 ಮಕ್ಕಳಿಗೆ ದಾರ ಸುತ್ತುವ ರಾಟೆಯನ್ನು ಕೊಟ್ಟು, ಒಮ್ಮೆ ಒಂಟಿಯಾಗಿ, ಒಮ್ಮೆ ಜೊತೆಯಾಗಿ ಸುತ್ತಿಸಿದನು. ಜೊತೆಯಿದ್ದಾಗ 20 ಮಕ್ಕಳು ವೇಗ ಹೆಚ್ಚಿಸಿಕೊಂಡರು. 10 ಮಕ್ಕಳಲ್ಲಿ ಹೆಚ್ಚಿನ ವ್ಯತ್ಯಾಸವಾಗಲಿಲ್ಲ. ಉಳಿದ 10 ಮಕ್ಕಳಾದರೋ ಗಾಬರಿಗೊಂಡು ಇನ್ನೂ ನಿಧಾನವಾದರು.

ಸಂಗವು ಶಕ್ತಿ ಕೊಡುತ್ತದೆ ಎಂದು ನಾವೆಲ್ಲ ಹೇಳುತ್ತೇವೆ. ಆದರೆ ಅದೇ ಸಂಗವು ಕೆಲವರ ಶಕ್ತಿಯನ್ನು ಕಸಿದುಕೊಳ್ಳುತ್ತದೆ ಎಂಬುದನ್ನು ಮರೆಯುತ್ತೇವೆ. ವ್ಯತ್ಯಾಸವಿರುವುದು ಎಲ್ಲಿ? 1920ರ ದಶಕದಲ್ಲಿ ಜರ್ಮನಿಯ ಆಟೋ ಕೋಹ್ಲರ್ ಎಂಬವನು ಬರ್ಲಿನ್‌ನ ದೋಣಿ ಹುಟ್ಟುಗಾರರಲ್ಲಿ ಇದನ್ನು ಪರೀಕ್ಷಿಸಿದನು. ಇಬ್ಬರು ಒಟ್ಟಾಗಿ ಭಾರವೆತ್ತಬೇಕು, ದುರ್ಬಲನು ಕೈಬಿಟ್ಟರೆ ಇಬ್ಬರ ಕೆಲಸವೂ ನಿಲ್ಲುತ್ತದೆ ಎಂದಾದಾಗ, ದುರ್ಬಲನು ತಾನು ಒಂಟಿಯಾಗಿ ಮಾಡುವುದಕ್ಕಿಂತಲೂ ಹೆಚ್ಚು ಶ್ರಮ ಹಾಕುತ್ತಿದ್ದನು. ಆದರೆ ಇಬ್ಬರ ಸಾಮರ್ಥ್ಯದ ಅಂತರ ತೀರಾ ದೊಡ್ಡದಾಗಿದ್ದಾಗ ಈ ಉತ್ಸಾಹ ಕುಗ್ಗುತ್ತಿತ್ತು. ತನ್ನ ಶ್ರಮವು ಜೊತೆಗಾರನಿಗೆ ಬೇಕಾಗಿದೆ ಎಂಬ ಅರಿವು ಮನುಷ್ಯನನ್ನು ಎತ್ತುತ್ತದೆ. ತಾನು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ ಎಂಬ ಭಾವನೆ ಅವನನ್ನು ಕುಗ್ಗಿಸುತ್ತದೆ.

42 ಶಿಖರಗಳ ಪಾಠ

ಉತ್ತರ ಇಂಗ್ಲೆಂಡಿನಲ್ಲಿ ಲೇಕ್ ಡಿಸ್ಟ್ರಿಕ್ಟ್ ಎಂಬ ಗುಡ್ಡಗಾಡು ಪ್ರದೇಶವಿದೆ. ಅಲ್ಲಿನ ಕೆಸ್ವಿಕ್ ಪಟ್ಟಣದಲ್ಲಿ ಬಾಬ್ ಗ್ರಹಾಂ ಎಂಬವರು ಅತಿಥಿಗೃಹವೊಂದನ್ನು ನಡೆಸುತ್ತಿದ್ದರು. 1932ರ ಜೂನ್ ತಿಂಗಳಲ್ಲಿ ಅವರು 24 ಗಂಟೆಗಳೊಳಗೆ 42 ಶಿಖರಗಳನ್ನು ಹತ್ತಿಳಿದು ಹೊರಟಲ್ಲಿಗೇ ಮರಳಿದರು. ದಾರಿಯ ಉದ್ದ ಸುಮಾರು 106 ಕಿಲೋಮೀಟರ್. ಏರಿದ ಎತ್ತರವನ್ನು ಕೂಡಿಸಿದರೆ 8,000 ಮೀಟರ್‌ಗೂ ಹೆಚ್ಚು. ಅದನ್ನು ಮತ್ತೊಬ್ಬನು ಸಾಧಿಸಲು 28 ವರ್ಷ ಬೇಕಾಯಿತು. 1960ರಲ್ಲಿ ಅಲನ್ ಹೀಟನ್ ಅದನ್ನು ಪೂರ್ಣಗೊಳಿಸಿದರು.

ಇಲ್ಲಿ ಮುಖ್ಯವಾಗಿ ಗಮನಿಸಬೇಕಾದ ಅಂಶವೊಂದಿದೆ. ಬಾಬ್ ಗ್ರಹಾಂ ಒಂಟಿಯಾಗಿ ಓಡಲಿಲ್ಲ. ದಾರಿಯ ಬೇರೆ ಬೇರೆ ಭಾಗಗಳಲ್ಲಿ ಗೆಳೆಯರು ಅವರ ಜೊತೆಗಿದ್ದರು. ಮುಂದೆ ಈ ಓಟಗಾರರು ಸೇರಿ ಒಂದು ಸಂಘ ಕಟ್ಟಿಕೊಂಡಾಗ ಅದನ್ನೇ ನಿಯಮವಾಗಿಸಿದರು. ಪ್ರತಿಯೊಂದು ಶಿಖರದಲ್ಲೂ ಓಟಗಾರನ ಜೊತೆ ಸಾಕ್ಷಿಯಾಗಿ ಒಬ್ಬನಾದರೂ ಇರಬೇಕು. ಜೊತೆಗಾರರು ನೀರು, ಆಹಾರ ಹೊರುತ್ತಾರೆ, ಮಂಜಿನಲ್ಲಿ ದಾರಿ ತೋರಿಸುತ್ತಾರೆ, ನಡುರಾತ್ರಿ ಮನಸ್ಸು ಸೋತಾಗ ಮಾತನಾಡಿಸುತ್ತಾರೆ. ದಾಖಲೆಯಲ್ಲಿ ಸಾಧಕನ ಹೆಸರು ಮಾತ್ರ ಸೇರುತ್ತದೆ. ಇಂದು ಸಹಾಯ ಪಡೆದವನು ನಾಳೆ ಮತ್ತೊಬ್ಬನಿಗಾಗಿ ಅದೇ ಬೆಟ್ಟ ಹತ್ತುವುದು ಅಲ್ಲಿನ ವಾಡಿಕೆ. ಸಹಾಯ ಪಡೆಯುವುದನ್ನು ಅವರು ನಾಚಿಕೆಯೆಂದು ಭಾವಿಸಲಿಲ್ಲ, ಅದನ್ನು ತೀರಿಸಬೇಕಾದ ಸಾಲವೆಂದು ಭಾವಿಸಿದರು.

ಹೊಸಬರೇ, ಉಸಿರನ್ನು ಉಳಿಸಿಕೊಳ್ಳಿರಿ

ಹೊಸಬನ ದೊಡ್ಡ ತಪ್ಪು ಮೊದಲ ಏರಿನಲ್ಲೇ ಆಗುತ್ತದೆ. ತಾನು ಯಾರಿಗೂ ಕಡಿಮೆಯಲ್ಲ ಎಂದು ತೋರಿಸಲು ಅವನು ಇತರರ ವೇಗದಲ್ಲೇ ಓಡುತ್ತಾನೆ. ಅರ್ಧ ಬೆಟ್ಟದಲ್ಲಿ ಏದುಸಿರು ಬಿಡುತ್ತಾ ಕುಸಿಯುತ್ತಾನೆ. ಸಲಮಃ ಬಿನ್ ಅಕ್ವಅ್(ರ)ರವರ ಪ್ರಸಿದ್ಧ ಓಟದ ಘಟನೆಯು ಸಹೀಹ್ ಮುಸ್ಲಿಮ್‌ನಲ್ಲಿದೆ. ದಂಡಯಾತ್ರೆಯೊಂದರಿಂದ ಮರಳುವಾಗ, ಓಟದಲ್ಲಿ ಎಂದೂ ಸೋಲದ ಅನ್ಸಾರಿಯೊಬ್ಬರು ಮದೀನಾದ ವರೆಗೆ ತನ್ನೊಂದಿಗೆ ಓಡುವವರಿದ್ದಾರೆಯೇ ಎಂದು ಸವಾಲು ಹಾಕುತ್ತಿದ್ದರು. ಸಲಮಃ(ರ) ಪ್ರವಾದಿ(ಸ)ರ ಅನುಮತಿ ಪಡೆದು ಒಂಟೆಯಿಂದಿಳಿದು ಓಡಿದರು. ಆದರೆ ಒಂದೆರಡು ದಿಬ್ಬಗಳ ವರೆಗೆ ತನ್ನನ್ನು ತಡೆದು ಹಿಡಿದು ಉಸಿರನ್ನು ಉಳಿಸಿಕೊಂಡರು. ಅನಂತರ ವೇಗ ಹೆಚ್ಚಿಸಿ, ಅವರನ್ನು ಹಿಂದಿಕ್ಕಿ ಮದೀನಾ ತಲುಪಿದರು. ಸಮರ್ಥ ಓಟಗಾರರೇ ಏರಿನಲ್ಲಿ ಹೀಗೆ ತಡೆದುಕೊಂಡಿರುವಾಗ ನಾವು ನಾಚುವುದೇಕೆ?

ಆದ್ದರಿಂದ ಕಡಿದಾದ ಏರಿನಲ್ಲಿ ಸಂಕೋಚವಿಲ್ಲದೆ ನಡೆಯಿರಿ. ಪಕ್ಕದವನೊಂದಿಗೆ ಒಂದು ಪೂರ್ತಿ ವಾಕ್ಯ ಮಾತನಾಡಲು ಸಾಧ್ಯವಾಗುವಷ್ಟೇ ನಿಮ್ಮ ವೇಗವಿರಲಿ. ಇಳಿಜಾರಿನಲ್ಲಿ ಹೆಜ್ಜೆಗಳನ್ನು ಚಿಕ್ಕದಾಗಿಸಿರಿ, ಕಣ್ಣುಗಳನ್ನು ಪಾದದ ಮೇಲಿಡದೆ ಕೆಲವು ಹೆಜ್ಜೆ ಮುಂದಿನ ನೆಲದ ಮೇಲಿಡಿರಿ. ಅಡಿಭಾಗದಲ್ಲಿ ಹಿಡಿತವಿರುವ ಶೂ ಧರಿಸಿರಿ, ನೀರು ಒಯ್ಯಿರಿ. ಸಕ್ಕರೆ ಕಾಯಿಲೆ, ಉಬ್ಬಸ, ಹೃದಯದ ತೊಂದರೆ ಏನಾದರೂ ಇದ್ದರೆ ಮೊದಲು ವೈದ್ಯರ ಸಲಹೆ ಪಡೆಯಿರಿ; ಗುಂಪಿನವರಿಂದಲೂ ಅದನ್ನು ಮುಚ್ಚಿಡಬೇಡಿರಿ. ನಿಮಗಿಂತ ತುಸು ಮುಂದಿರುವವರ ಗುಂಪನ್ನು ಆರಿಸಿಕೊಳ್ಳಿರಿ, ಕಣ್ಣಿಗೆ ಕಾಣದಷ್ಟು ಮುಂದಿರುವವರದ್ದನ್ನಲ್ಲ.

ಹಳಬರೇ, ಹಿಂತಿರುಗಿ ನೋಡಿರಿ

ಗುಂಪೊಂದರ ಯೋಗ್ಯತೆಯನ್ನು ಅದರ ಮುಂಚೂಣಿಯಲ್ಲಿರುವವನ ವೇಗದಿಂದ ಅಳೆಯಬಾರದು. ಕಟ್ಟಕಡೆಗೆ ಓಡುವವನು ಮುಂದಿನ ವಾರವೂ ಬರುತ್ತಾನೆಯೇ ಎಂಬುದೇ ಅದರ ಅಳತೆಗೋಲು. ಪ್ರತಿಯೊಂದು ಕವಲಿನಲ್ಲೂ ನಿಲ್ಲಿರಿ. ಅನುಭವಿಯಾದ ಒಬ್ಬನು ಕೊನೆಯವನ ಹಿಂದೆಯೇ ಇರಲಿ. ಇನ್ನೊಂದು ಮಾತು: ಕೊನೆಯವನು ಬಂದು ತಲುಪಿದ ಕ್ಷಣದಲ್ಲೇ ಉಳಿದವರು ಹೊರಟು ಬಿಡುವುದುಂಟು. ಆಗ ವಿಶ್ರಾಂತಿ ಸಿಗುವುದು ಬಲಿಷ್ಠರಿಗೆ ಮಾತ್ರ. ಅವನೂ ನೀರು ಕುಡಿಯಲಿ, ಎರಡು ಮಾತನಾಡಲಿ, ಅನಂತರ ಹೊರಡಿರಿ. ಹೊರಡುವಾಗಲೂ ಮರಳುವಾಗಲೂ ತಲೆ ಎಣಿಸಿರಿ. ಪಶ್ಚಿಮ ಘಟ್ಟದ ಅನೇಕ ಕಾಡುದಾರಿಗಳಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು. ಆನೆಗಳು ಓಡಾಡುವ ಕಾಡಿನಲ್ಲಿ, ಮಳೆಗಾಲದ ಮಂಜಿನಲ್ಲಿ ಒಬ್ಬನನ್ನು ಹಿಂದೆ ಬಿಟ್ಟು ಬರುವುದು ಕೇವಲ ಅಸಭ್ಯತೆಯಲ್ಲ, ಅದು ಅವನ ಪ್ರಾಣದೊಂದಿಗೆ ಆಡುವ ಆಟ.

ಪ್ರಿಯ ಓದುಗರೇ, ಉತ್ಸಾಹ ಬಂದ ಮೇಲೆ ಸಂಗ ಸೇರುತ್ತೇನೆ ಎಂದು ಕಾಯುತ್ತಾ ಕೂರುವವರು ಹಲವರಿದ್ದಾರೆ. ಉತ್ಸಾಹವು ಹಾಗೆ ಮನೆಯೊಳಗೆ ಹುಟ್ಟುವ ವಸ್ತುವಲ್ಲ. ಯಾರೋ ನಿಮಗಾಗಿ ಕಾಯುತ್ತಾರೆ, ನೀವು ಯಾರಿಗೋ ಕಾಯುತ್ತೀರಿ, ಇದರ ನಡುವೆ ಅದು ಹುಟ್ಟುತ್ತದೆ. ಇಂದು ನೀವು ಕಟ್ಟಕಡೆಗೆ ಬೆಟ್ಟ ಹತ್ತಿದವರಾಗಿರಬಹುದು. ಆ ತಿರುವಿನಲ್ಲಿ ನಿಮಗಾಗಿ ನಿಂತಿದ್ದವನ ಮುಖವನ್ನು ನೆನಪಿಟ್ಟುಕೊಳ್ಳಿರಿ. ಒಂದು ದಿನ ಇನ್ನೊಬ್ಬ ಹೊಸಬನು ಏದುಸಿರು ಬಿಡುತ್ತಾ ಅದೇ ತಿರುವಿಗೆ ಬರುವನು. ಆಗ ಅಲ್ಲಿ ನಿಂತಿರುವವರು ನೀವಾಗಿರಬೇಕು.